ಔಷಧಿ ಕೋಣೆಯ ಕೀಲಿಕೈ

ಸಿರುಗುಪ್ಪದ ಕಡೆ ಭತ್ತ, ಮೆಣಸಿನಕಾಯಿ ಹೊಲಗಳ ನಡುವೆ ಬೆಳೆದವಳು ನಾನು. ಗಿಡದ ಬುಡದಲ್ಲಿ ಬೆಳ್ಳಗೆ ಏನು ಕಂಡರೂ ನಮ್ಮ ಮನೆಯವರ ಕೈ ಮೊದಲು ಔಷಧಿ ಪಂಪಿಗೇ ಹೋಗುತ್ತಿತ್ತು. ಆ ಚಾಳಿ ನನ್ನ ಜೊತೆ ಕುರುಗೋಡಿನ ನರ್ಸರಿಗೂ ಬಂತು. ಬಳ್ಳಾರಿಯ ಸತ್ಯನಾರಾಯಣಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿ ಸಸಿಗಳ ಉಸ್ತುವಾರಿ ನೋಡುತ್ತೇನೆ. ಬಸ್ಸು ನಿಂತಲ್ಲೆಲ್ಲ ನನಗೆ ಚಡಪಡಿಕೆ.

ಗುಡ್ಡದಲ್ಲಿ ನೆಡಲೆಂದು ಈ ಸಲ ಕಮರ ಎಂಬ ಕಾಡುಮರದ ಸಸಿ ಬೆಳೆಸುತ್ತಿದ್ದೆವು. ಚೀಲಗಳಿಗೆ ಮಣ್ಣು ತುಂಬುವ ಅಕ್ಕ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಹಳೇ ಕಮರದ ಮರದ ಬುಡದಿಂದ ಒಂದು ಪುಟ್ಟಿ ಮಣ್ಣು ಹೊತ್ತು ತಂದು, ಚೀಲಕ್ಕೊಂದು ಹಿಡಿ ಹಾಕುತ್ತಿದ್ದಳು. ಎಲೆ ಕೊಳೆತ ಆ ಮಣ್ಣಿನ ತುಂಬ ಬೂಷ್ಟಿನ ಬಿಳಿ ನೂಲು. ನನಗೆ ಮೈಯೆಲ್ಲ ಉರಿಯಿತು.

“ರೋಗದ ಮಣ್ಣು ತಂದು ಎಲ್ಲಾ ಹಾಳ ಮಾಡ್ತಿಯೇನು?” ಎಂದು ಎಲ್ಲರೆದುರು ಕೂಗಾಡಿದೆ.

“ರೋಗ ಅಲ್ರಿ ಮೇಡಂ, ತಾಯಿ ಬುಡದ ಮಣ್ಣು. ಇದಿಲ್ಲಂದ್ರ ಸಸಿ ಏಳಂಗಿಲ್ರಿ.”

ಕೇಳುವ ತಾಳ್ಮೆ ಯಾರಿಗಿತ್ತು? ಶಿಲೀಂಧ್ರನಾಶಕ ಕಲಸಿ ಸಾಲು ಸಾಲಿಗೆ ಸುರಿದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಔಷಧಿ ಮುಗಿದಿತ್ತು, ಬಸ್ಸಿನ ಹೊತ್ತೂ ಆಗಿತ್ತು. ಮರುದಿನದಿಂದ ಅಕ್ಕ ಕೆಲಸಕ್ಕೆ ಬರಲಿಲ್ಲ.

ಎರಡು ತಿಂಗಳಾದರೂ ಸಸಿಗಳು ಇದ್ದಷ್ಟೇ ಇದ್ದವು, ಅದೂ ಹಳದಿಯಾಗಿ. ದಿನಾ ಒಂದೆರಡು ಕಿತ್ತು ಬೇರು ನೋಡುವುದು, ಮತ್ತೆ ಹುಗಿಯುವುದು. ಸುಮ್ಮನಿರಲು ನನ್ನಿಂದ ಆಗಲಿಲ್ಲ. ಔಷಧಿ ತಾಗದ ಆ ಕೊನೆಯ ಸಾಲು ಮಾತ್ರ ಹಸಿರಾಗಿ ಗೇಣುದ್ದ ಎದ್ದಿತ್ತು. ಆಮೇಲೆ ಓದಿ ತಿಳಿದುಕೊಂಡೆ. ಕಾಡಿನ ಮಣ್ಣಿನ ಕೆಲವು ಶಿಲೀಂಧ್ರಗಳು ಬೇರಿನೊಳಗೇ ಮನೆ ಮಾಡಿಕೊಂಡು, ಬೇರಿಗೆ ಎಟುಕದ ಕಡೆಯಿಂದ ನೀರು, ರಂಜಕ ತಂದುಕೊಡುತ್ತವಂತೆ. ಗಿಡ ತಾನು ಮಾಡಿದ ಸಕ್ಕರೆಯಲ್ಲಿ ಅವಕ್ಕೆ ಪಾಲು ಕೊಡುತ್ತದಂತೆ. ಓದಿದ ದಿನ ನಾಚಿಕೆಯಿಂದ ಊಟ ಸೇರಲಿಲ್ಲ.

ಅಕ್ಕನ ಮನೆಗೆ ಹೋದೆ. ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು.

“ತಪ್ಪಾತಕ್ಕ, ಕೆಲಸಕ್ಕ ಬರ್ರಿ,” ಎಂದೆ.

ಅವಳು ತಲೆ ಎತ್ತಲಿಲ್ಲ. “ಬರ್ತೀನ್ರಿ. ಮಣ್ಣೂ ತರ್ತೀನಿ. ಆದ್ರ ಔಷಧಿ ಕೋಣಿ ಕೀಲಿಕೈ ನನ್ನ ಕೈಯಾಗ ಕೊಡ್ರಿ. ನಿಮ್ಮ ಕೈ ಸುಮ್ಮನಿರಂಗಿಲ್ಲ.”

ಸೊಂಟದಿಂದ ಬಿಚ್ಚಿ ಕೊಟ್ಟೆ.

ಹೊಸ ಮಣ್ಣು ಹಾಕಿ ಇಂದಿಗೆ ಎಂಟು ದಿನ. ಬೆಳಿಗ್ಗೆ ಒಂದು ಚೀಲದ ಬಾಯಲ್ಲಿ ಬಿಳಿ ನೂಲು ಕಂಡಿತು. ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಅಕ್ಕ ನೋಡಿದಳು, ಆ ಚೀಲಕ್ಕೆ ಇನ್ನೊಂದು ಹಿಡಿ ಮಣ್ಣು ಹಾಕಿದಳು.