ಗಂಜಿ ತೆಳಿಯಲ್ಲಿ ಕುದಿದ ಜಪಾನಿನ ಬೋಗುಣಿ

ಅಕ್ಕನ ಬೆರಳುಗಳಿಗೆ ಬಿಸಿ ತಾಗುತ್ತಿರಲಿಲ್ಲ. ಕುದಿನೀರಿನಲ್ಲಿ ಮುಳುಗಿದ ಚಾದ ಗ್ಲಾಸನ್ನು ಬರಿಗೈಯಲ್ಲಿ ಅಂಚು ಹಿಡಿದು ಎತ್ತುತ್ತಿದ್ದರು. ನೋಡುವವರ ಮೈ ಜುಮ್ಮೆನ್ನುತ್ತಿತ್ತು. ಹೆಬ್ಬೆರಳಿನ ಚರ್ಮ ಸುಟ್ಟೂ ಸುಟ್ಟೂ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿತ್ತು.

ಸಂಪಾಜೆಯ ರಸ್ತೆ ಬದಿಯಲ್ಲಿ ಅವರದೊಂದು ಸಣ್ಣ ಹೋಟೆಲು. ಖಾಸಗಿ ಶಾಲೆಯ ಕೆಲಸ ಹೋಗಿ ನಾನು ಮುಖ ಊದಿಸಿಕೊಂಡು ಮನೆಯಲ್ಲಿ ಕೂತಿದ್ದಾಗ ಕರೆದು ಜೊತೆಗೆ ಸೇರಿಸಿಕೊಂಡವರು ಅವರೇ. ನಾನು ಕಬಕದ ಬ್ಯಾರಿ ಮುಸ್ಲಿಮರ ಮನೆಯವಳು, ಅವರು ಅಜ್ಜಾವರದ ಗೌಡರ ಮಗಳು. ನನ್ನ ಭಾಷೆ ಅವರಿಗೆ ಬಾರದು, ಅವರ ಅರೆಭಾಷೆ ನನಗೆ ಅರ್ಧವೇ ಅರ್ಥ. ಹಾಗಾಗಿ ನಮ್ಮ ಜಗಳವೆಲ್ಲ ಕನ್ನಡದಲ್ಲಿ. ನನ್ನನ್ನು ಕೊನೆಯವರೆಗೂ ‘ಟೀಚರ್’ ಎಂದೇ ಕರೆದರು.

ಒಂದು ವರ್ಷ ಮೇಲಿನ ತಿರುವಿನಲ್ಲಿ ಗಾಜಿನ ಗೋಡೆಯ ಕೆಫೆ ಬಂತು. ಮಡಿಕೇರಿಗೆ ಹೋಗುವ ಕಾರುಗಳೆಲ್ಲ ನಮ್ಮನ್ನು ದಾಟಿ ಅಲ್ಲಿ ನಿಲ್ಲತೊಡಗಿದವು. ಅಕ್ಕನ ಮೈದುನ ಬಂದು, ಇನ್ನು ಮುಚ್ಚುವುದೇ ಒಳ್ಳೆಯದು ಎಂದ. ಮುಚ್ಚಿದರೆ ನಮಗಿಬ್ಬರಿಗೂ ಬೇರೆ ದಾರಿ ಇರಲಿಲ್ಲ. ಅಕ್ಕ ಅವನಿಗೆ ಚಾ ಕೊಟ್ಟು ಕಳಿಸಿ ನನ್ನ ಕಡೆ ತಿರುಗಿದರು.

“ಇಲ್ಲಿ ಇಲ್ಲದ್ದು ಅಲ್ಲಿ ಎಂತ ಉಂಟು?”

“ಮಾಚಾ ಅಂತ ಉಂಟು ಅಕ್ಕ. ಜಪಾನಿನವರ ಹಸಿರು ಚಾದ ಪುಡಿ. ಬೋಗುಣಿಗೆ ಹಾಕಿ ಬಿಸಿನೀರಲ್ಲಿ ಕಡೆದು ಕೊಡುದು.”

“ಕಡೆಯುದಾ? ಎಷ್ಟು ಮಜ್ಜಿಗೆ ಕಡೆದ ಕೈ ಇದು! ತರಿಸಿ ಟೀಚರ್.”

ಮೊಬೈಲಿನಲ್ಲಿ ಹುಡುಕಿದೆ. ಬೋಗುಣಿ, ಬಿದಿರಿನ ಪುಟ್ಟ ಕಡೆಗೋಲು, ಬಿದಿರಿನ ಚಮಚ, ಪೂರ್ತಿ ಸೆಟ್ಟು. ಜಪಾನಿನ ಕುಂಬಾರರು ಕೈಯಲ್ಲೇ ಮಾಡಿದ್ದು ಎಂದು ಬರೆದಿತ್ತು. ಬೋಗುಣಿಯ ಅಡಿಯಲ್ಲಿ ಕೆಂಪು ಮುದ್ರೆ ಬೇರೆ. ಕೊಂಡವರ ಹೊಗಳಿಕೆ ಓದಿದೆ, ಫೋಟೋ ದೊಡ್ಡದು ಮಾಡಿ ನೋಡಿದೆ, ತರಿಸಿದೆ. ಬಂದದ್ದು ಚೆಂದವೇ ಇತ್ತು. ಖುಷಿಯಲ್ಲಿ ಬೋರ್ಡು ಬರೆಯಲು ಕೂತೆ.

ನಮ್ಮ ಕಡೆ ಹೊಸ ಮಣ್ಣಿನ ಪಾತ್ರೆಯನ್ನು ಗಂಜಿಯ ತೆಳಿಯಲ್ಲಿ ಕುದಿಸಿ ಪಳಗಿಸದೆ ಬಳಸುವುದಿಲ್ಲ. ಮೀನಿನ ಮಡಕೆಗೆ ಮಾಡುವ ಆ ಉಪಚಾರವನ್ನು ಅಕ್ಕ ಜಪಾನಿಗೂ ಮಾಡಿದರು. ನಾನು ತಲೆಯೆತ್ತುವಷ್ಟರಲ್ಲಿ ಬೋಗುಣಿ ತೆಳಿಯಲ್ಲಿ ಮುಳುಗಿ ಕುದಿಯುತ್ತಿತ್ತು. ಕೆಂಪು ಮುದ್ರೆ ಸ್ಟಿಕ್ಕರಾಗಿ ಎದ್ದು ಮೇಲೆ ತೇಲುತ್ತಿತ್ತು. ಅದು ಇದ್ದಲ್ಲಿ ಯಂತ್ರದ ಅಚ್ಚಿನ ಗೆರೆ. ಬೋಗುಣಿಯ ಹಸಿರು ಬಣ್ಣ ತೆಳಿಗೆಲ್ಲ ಇಳಿದಿತ್ತು.

“ಅಯ್ಯೋ ಅಕ್ಕ, ಎಂತ ಮಾಡಿದ್ದು ನೀವು! ಹಾಳಾಯ್ತು. ಇನ್ನು ಅವರು ವಾಪಸ್ ತಗೊಳ್ಳುದಿಲ್ಲ.”

“ಹಾಳು ಮಾಡಿದ್ದು ನಾನಾ? ತೆಳಿಗೆ ಬಿಟ್ಟ ಬಣ್ಣ ಕುಡಿದವರ ಹೊಟ್ಟೆಗೆ ಬಿಡುದಿಲ್ವಾ? ಫೋನ್ ಮಾಡಿ ಕೊಡಿ ಇಲ್ಲಿ.”

ಆ ಕಡೆಯ ಹುಡುಗಿ, ಬಳಸಿದ ವಸ್ತುವನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂದು ಪಾಠ ಒಪ್ಪಿಸಿದಳು. ಅಕ್ಕ ಕೇಳಿದರು, “ಕುಡಿಯುದಕ್ಕೆ ಅಂತ ಮಾರಿದ್ದನ್ನು ಒದ್ದೆ ಮಾಡದೆ ನೋಡುದು ಹೇಗೆ ಮಗಳೇ?” ಹುಡುಗಿ ಫೋನಿಟ್ಟಳು. ಅಕ್ಕ ಬಿಟ್ಟವರಲ್ಲ. ದಿನಾ ಬೆಳಿಗ್ಗೆ ಬನ್ಸ್ ಕರಿಯುತ್ತಾ, ಭುಜಕ್ಕೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು, ಯಾರು ಎತ್ತಿದರೂ ಅದೇ ಪ್ರಶ್ನೆ. ಒಮ್ಮೆಯೂ ಬೈಯಲಿಲ್ಲ. ನನಗೇ ಮುಜುಗರವಾಗಿ ಸಾಕು ಬಿಡಿ ಎಂದರೆ, “ಅವರಿಗೆ ಬೇಜಾರು ಬರುವವರೆಗೆ ನನಗೆ ಬರುದಿಲ್ಲ” ಎನ್ನುತ್ತಿದ್ದರು. ಕೊನೆಗೂ ಹಣ ಬಂತು. ಬೇಜಾರಿಗೇ ಕೊಟ್ಟರೆಂದು ನನ್ನ ನಂಬಿಕೆ.

ಎರಡನೆಯ ಸಲ ಕೊಳ್ಳುವಾಗ ಪರೀಕ್ಷೆ ಮಾಡಲು ಅವರೇ ಕೂತರು. ಮಾರುವವರಿಗೆ ವಿಡಿಯೋ ಕರೆ ಮಾಡಿಸಿ, “ಕವುಚಿ ತೋರಿಸಿ, ಕುದಿನೀರು ಹೊಯ್ಯಿರಿ, ಬೆರಳಲ್ಲಿ ಉಜ್ಜಿ” ಎಂದು ಅಪ್ಪಣೆ. ಕೆಲವರು ಕರೆ ಕತ್ತರಿಸಿದರು. ಖಾನಾಪುರದ ಕಡೆಯ ಒಬ್ಬ ಹುಡುಗಿ ಮಾತ್ರ ನಗುನಗುತ್ತಾ ಹೇಳಿದ್ದೆಲ್ಲ ಮಾಡಿ, ತಾನಾಗಿಯೇ, “ಇದು ಜಪಾನಿಂದಲ್ರೀ ಅಮ್ಮಾ, ನಾನೇ ಮಾಡೀನಿ” ಎಂದಳು.

“ಅಷ್ಟು ಹೇಳಿದೆಯಲ್ಲ, ಕಳಿಸು” ಎಂದರು ಅಕ್ಕ.

ಅದಕ್ಕೂ ತೆಳಿಯ ಸ್ನಾನವಾಯಿತು. ತೆಳಿ ಬೆಳ್ಳಗೇ ಉಳಿಯಿತು. ನಾನು ಬರೆದಿದ್ದ ಬೋರ್ಡಿನಲ್ಲಿ ಬೋಗುಣಿಯ ಹೊಗಳಿಕೆ ಅಳಿಸಿ, ಪುಡಿ ಮಾತ್ರ ಜಪಾನಿನದ್ದು ಎಂದು ಬರೆಸಿದರು. ಕಾರುಗಳು ಮೆಲ್ಲಗೆ ನಿಲ್ಲತೊಡಗಿದವು. ಮಾಚಾಕ್ಕೆಂದು ನಿಂತವರು ಬನ್ಸ್ ತಿಂದು ಹೋಗುತ್ತಿದ್ದರು. ಮೈದುನನೂ ಬಂದು ಕುಡಿದು, ಹುಲ್ಲಿನ ರುಚಿ ಎಂದ. ಹೌದೆಂದು ಅಕ್ಕ ಗಿರಾಕಿಗಳ ಎದುರೇ ಒಪ್ಪಿಕೊಂಡರು. ಅಂತೂ ಹೋಟೆಲು ಉಳಿಯಿತು, ಅದರೊಂದಿಗೆ ನಾನೂ.

ಕಳೆದ ಮಳೆಗಾಲ ಅವರು ಸುಳ್ಯದ ಆಸ್ಪತ್ರೆ ಸೇರಿದರು. ಉಸಿರಿಗೇ ಕಷ್ಟ. ನನ್ನನ್ನು ಕಂಡದ್ದೇ ಸಿಟ್ಟು.

“ಬಾಗಿಲು ತೆಗ್ದಿದ್ದೀರಾ?”

“ನೀವು ಹೀಗೆ ಮಲಗಿರುವಾಗ ತೆಗೆಯುದು ಹೇಗೆ ಅಕ್ಕ?”

“ನಾನು ಮಲಗಿದ್ದು ಗಿರಾಕಿಗೆ ಗೊತ್ತುಂಟಾ? ಹೋಗಿ ಟೀಚರ್. ಇವತ್ತು ಮುಚ್ಚಿದರೆ ನಾಳೆಯೂ ಮುಚ್ಚುದೇ.”

ಅಳುತ್ತಲೇ ಬಸ್ಸು ಹತ್ತಿ ಹೋಗಿ ಬಾಗಿಲು ತೆಗೆದೆ. ಘಾಟಿ ಇಳಿದು ಬಂದ ಗಂಡ ಹೆಂಡತಿ ಮಾಚಾ ಕೇಳಿದರು. ಕಡೆಯುತ್ತಿರುವಾಗ ಮೈದುನನ ಫೋನು. “ಅತ್ತಿಗೆ ಹೋದ್ರು” ಎಂದ, ಅಷ್ಟೇ. ಫೋನಿಟ್ಟು, ನೊರೆ ಬರುವವರೆಗೆ ಕಡೆದು, ಬೋಗುಣಿಯನ್ನು ಅವರ ಮುಂದಿಟ್ಟೆ. ಹೆಂಗಸು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಜಪಾನಿನಿಂದ ತರಿಸಿದ್ದಾ ಎಂದಳು.

“ಅಲ್ಲ, ಖಾನಾಪುರದ್ದು” ಎಂದೆ. ಅವರು ಕುಡಿದು ಏಳುವವರೆಗೆ ಮೇಜು ಹಿಡಿದು ನಿಂತಿದ್ದೆ. ಆಮೇಲೆ ಬಾಗಿಲೆಳೆದು ಸುಳ್ಯದ ಬಸ್ಸು ಹಿಡಿದೆ.

ಮರುದಿನ ಬೆಳಿಗ್ಗೆ ಮತ್ತೆ ಬಾಗಿಲು ತೆಗೆದೆ.