ಜಸಿಂತಾ ಚೇಚಿ ನಂಬದ ಒಂಬತ್ತು ಸಾವಿರ ಸಾಲು

ತಂಗಶ್ಶೇರಿಯ ಜಸಿಂತಾ ಚೇಚಿ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಸ್ವಂತ ಚಿಕ್ಕಪ್ಪನ ಮಗ ಮತ್ತಿ ಮೀನು ತಂದುಕೊಟ್ಟರೂ ಕಿವಿರು ಎತ್ತಿ ನೋಡಿಯೇ ಒಳಗೆ ತೆಗೆದುಕೊಳ್ಳುವಳು. ಕೊಲ್ಲಂನ ನಮ್ಮ ಪುಟ್ಟ ಆಫೀಸಿನಲ್ಲಿ ಅವಳ ಕುರ್ಚಿ ನನ್ನ ಪಕ್ಕದ್ದೇ; ನಮಗೆ ಅವಳು ಚೇಚಿ, ಅಂದರೆ ಅಕ್ಕ.

ಹವಾಮಾನ ಕಚೇರಿಯಿಂದ ದಿನಕ್ಕೆರಡು ಸಲ ಉದ್ದನೆಯ ಪ್ರಕಟಣೆ ಬರುತ್ತದೆ. ಗಾಳಿ ಎಷ್ಟಿದೆ, ಕಡಲಿಗೆ ಇಳಿಯಬಹುದೋ ಬಾರದೋ ಎಂಬುದನ್ನು ಅದರಿಂದ ಹೆಕ್ಕಿ ಮೀನುಗಾರರ ಮೊಬೈಲಿಗೆ ಒಂದೇ ಸಾಲಿನಲ್ಲಿ ಕಳಿಸುವುದು ನಮ್ಮ ಕೆಲಸ. ಹಾಗೆ ಬಿಡಿಸಿ ಓದುವ ಪ್ರೋಗ್ರಾಂ, ಅಂದರೆ ಪಾರ್ಸರ್, ಪೂರ್ತಿ ಚೇಚಿಯ ಕೈಕೆಲಸ. ಹನ್ನೊಂದು ವರ್ಷದಿಂದ ಅದಕ್ಕೆ ಬೇರೆಯವರ ಕೈ ತಾಗಿರಲಿಲ್ಲ.

ಹೋದ ವರ್ಷ ಹೊಸದಾಗಿ ಬಂದ ಷಿಬಿನ್ ಅದನ್ನು ತೆಗೆದುಹಾಕಿ, ಯಾರೋ ಬರೆದಿಟ್ಟ ಲೈಬ್ರರಿಯೊಂದನ್ನು, ಅಂದರೆ ಸಿದ್ಧ ಪ್ರೋಗ್ರಾಂ ಕಟ್ಟೊಂದನ್ನು, ತಂದು ಕೂರಿಸೋಣ ಎಂದ. ನಿಯಮಗಳನ್ನಷ್ಟೇ ನಾವು ಕೊಟ್ಟರೆ ಸಾಕು, ಓದುವ ಕೆಲಸವನ್ನು ಅದೇ ಮಾಡುತ್ತದಂತೆ.

"ಬರೆದೋನ್ಯಾರು?" ಎಂದಳು ಚೇಚಿ.

"ಯಾರೋ ಚೆಕ್ ದೇಶದವನು ಚೇಚಿ. ಲಕ್ಷ ಜನ ಬಳಸ್ತಾರೆ."

"ಲಕ್ಷ ಜನ ಓಡಾಡಿದ ಸೇತುವೆನೂ ಬಿದ್ದಿದೆ. ಅವನ ಮನೆಯಿಂದ ಯಾರಾದ್ರೂ ಕಡಲಿಗೆ ಹೋಗ್ತಾರಾ?"

ನಮ್ಮ ಮುಖ್ಯಸ್ಥ ರಘೂತ್ತಮನ್ ಸಾರ್ ನಡುವೆ ಬಾಯಿ ಹಾಕಿದರು. "ಜಸಿಂತಾ, ನಾಳೆ ನೀನು ಹಾಸಿಗೆ ಹಿಡಿದ್ರೆ ನಿನ್ನ ಪ್ರೋಗ್ರಾಂ ಯಾರಿಗಮ್ಮ ಅರ್ಥ ಆಗುತ್ತೆ?"

"ಆ ಚೆಕ್ ದೇಶದೋನು ಹಾಸಿಗೆ ಹಿಡಿದ್ರೆ, ಸಾರ್?"

ಟೀ ಅಂಗಡಿಯಲ್ಲಿ ಷಿಬಿನ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಪ್ರೋಗ್ರಾಂ ಕೈಯಲ್ಲಿದ್ರೆ ಕೆಲಸಾನೂ ಕೈಯಲ್ಲೇ ಇರುತ್ತೆ. ಅದಕ್ಕೇ ಬಿಡ್ತಿಲ್ಲ." ಸುಳ್ಳು ಯಾಕೆ ಹೇಳಲಿ, ನನಗೂ ಹಾಗೇ ಅನ್ನಿಸಿತ್ತು. ಆ ಮಾತು ಹೇಗೋ ಚೇಚಿಯ ಕಿವಿಗೆ ಬಿತ್ತು. ಅಂದಿನಿಂದ ನಾನು ತಂದ ಬಾಳೆಹಣ್ಣಿನ ಬಜ್ಜಿ ಪಳಂಪೊರಿಯನ್ನೂ ಅವಳು ಮುಟ್ಟಲಿಲ್ಲ.

ಆ ಲೈಬ್ರರಿಯ ಒಂಬತ್ತು ಸಾವಿರ ಸಾಲನ್ನೂ ಚೇಚಿ ಮೂರು ವಾರ ಕೂತು ಓದಿದಳು. ಎಲ್ಲಾದರೂ ಕಳ್ಳದಾರಿ ಇರಬೇಕು, ನಮ್ಮ ಮೀನುಗಾರರ ನಂಬರುಗಳು ಎಲ್ಲಿಗೋ ಸೋರುತ್ತಿರಬೇಕು ಎಂದು ಹುಡುಕಿದಳು. ಸಿಕ್ಕಿದ್ದು ಒಂದೇ ಒಂದು ಕಾಗುಣಿತದ ತಪ್ಪು. "ಇಷ್ಟು ಚೊಕ್ಕಟವಾಗಿದ್ರೆ ಇನ್ನೂ ಅನುಮಾನ" ಎಂದು ಮುಖ ಊದಿಸಿಕೊಂಡಳು.

ಕೊನೆಗೆ ಕಳೆದ ಹತ್ತು ವರ್ಷಗಳ ಪ್ರಕಟಣೆಗಳನ್ನೆಲ್ಲ ಎರಡಕ್ಕೂ ಕೊಟ್ಟು ನೋಡುವುದೆಂದಾಯಿತು. ಹತ್ತೊಂಬತ್ತು ಕಡೆ ಲೈಬ್ರರಿ 'ಅರ್ಥವಾಗಲಿಲ್ಲ' ಎಂದು ನಿಂತುಬಿಟ್ಟಿತು. ಚೇಚಿಯದ್ದು ಎಲ್ಲೂ ನಿಲ್ಲಲಿಲ್ಲ.

"ನೋಡಪ್ಪ ನಿನ್ನ ಪಂಡಿತ! ಬೆರಳಚ್ಚಿನ ಒಂದು ತಪ್ಪಿದ್ರೂ ಮೂರ್ಛೆ ಹೋಗ್ತಾನೆ." ಷಿಬಿನ್‌ನ ಎದುರೇ ಒಂದೊಂದಾಗಿ ತೆರೆದು ತೋರಿಸತೊಡಗಿದಳು. ಹದಿನೆಂಟು ಕಡೆ ಅವಳದೇ ಸರಿ ಇತ್ತು. ಹತ್ತೊಂಬತ್ತನೆಯದನ್ನು ತೆರೆದವಳು ಪರದೆಯ ಹತ್ತಿರ ಬಾಗಿ ಮತ್ತೆ ಮೊದಲಿಂದ ಓದಿದಳು.

ಎರಡು ವರ್ಷದ ಹಿಂದಿನ ನವೆಂಬರಿನದು. ಕಡಲಿಗೆ ಇಳಿಯಬಾರದು ಎಂಬ ವಾಕ್ಯ ಅರ್ಧ ಒಂದು ಪುಟದ ಕೊನೆಯಲ್ಲಿ, ಉಳಿದರ್ಧ ಮುಂದಿನ ಪುಟದ ತಲೆಯಲ್ಲಿ ಇತ್ತು. ಚೇಚಿಯ ಪಾರ್ಸರ್ ಎರಡು ತುಂಡನ್ನೂ ಕಸವೆಂದು ಎಸೆದು, 'ಯಾವ ಎಚ್ಚರಿಕೆಯೂ ಇಲ್ಲ' ಎಂದು ಸಂದೇಶ ಕಳಿಸಿತ್ತು.

ಚೇಚಿ ಎದ್ದು ಚಪ್ಪಲಿ ಮೆಟ್ಟಿದಳು. ನಾನೂ ಹಿಂದೆಯೇ ಹೋದೆ.

ಬಂದರಿನಲ್ಲಿ ಎಲ್ಲರೂ ಚೇಟ್ಟ, ಅಂದರೆ ಅಣ್ಣ, ಎಂದು ಕರೆಯುವ ಸೆರಾಫಿನ್ ಎಂಬ ಮುದುಕ ದೋಣಿಯ ನೆರಳಲ್ಲಿ ಬಲೆ ಹೆಣೆಯುತ್ತಿದ್ದ. ಚೇಚಿ ತಾರೀಖು ಹೇಳಿದಳು.

"ಮರೆಯೋದುಂಟಾ ಮೋಳೇ? ಹೋಗಿದ್ವಿ. ನೀರಿನ ಬಣ್ಣ ನೋಡಿ ಅರ್ಧದಿಂದ್ಲೇ ತಿರುಗಿಸಿದೆ. ಬಲೆ ಹೋಯ್ತು, ತಮ್ಮನ ಮುಂಗೈ ಮುರೀತು."

"ನಮ್ಮ ಮೆಸೇಜ್ ನಂಬಿ ಹೋದ್ರಾ?"

"ನಿಮ್ಮದೊಂದನ್ನೇ ಯಾರು ನಂಬ್ತಾರೆ! ಮೂರು ಕಡೆ ಕೇಳ್ತೀವಿ. ಆವತ್ತೊಂದಿನ ಅವಸರ ಇತ್ತು, ಕೇಳ್ಲಿಲ್ಲ."

"ತಪ್ಪು ನನ್ನದು ಚೇಟ್ಟಾ. ಆ ಪ್ರೋಗ್ರಾಂ ನಾನೇ ಬರೆದಿದ್ದು."

ಮುದುಕ ಹೆಣೆಯುತ್ತಿದ್ದ ಗಂಟನ್ನು ಬಿಗಿದ. ಆಮೇಲೆ, "ಬಂದು ಹೇಳಿದ್ಯಲ್ಲ, ಒಳ್ಳೇದಾಯ್ತು. ಇನ್ಮೇಲೆ ನಾಲ್ಕು ಕಡೆ ಕೇಳ್ತೀವಿ" ಎಂದ. ಅವನ ದನಿಯಲ್ಲಿ ಕೋಪವೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ.

ಮರುದಿನ ಅವಳೇ ಸಾರ್ ಹತ್ತಿರ ಹೋದಳು. "ಲೈಬ್ರರಿ ಹಾಕಿ. ಅರ್ಥ ಆಗದಿದ್ರೆ ಆಗ್ಲಿಲ್ಲ ಅಂತಾನಾದ್ರೂ ಅದು ಹೇಳುತ್ತೆ. ನನ್ನದು ಎಲ್ಲಾ ಗೊತ್ತಿರೋರ ಹಾಗೆ ನಟಿಸ್ತಿತ್ತು. ಆದ್ರೆ ನನ್ನದೂ ಪಕ್ಕದಲ್ಲಿ ಓಡ್ತಿರಲಿ."

"ಎರಡೆರಡು ಯಾಕಮ್ಮ?"

"ಒಂದನ್ನೊಂದು ಕಾಯ್ಲಿ ಅಂತ. ಎರಡೂ ಬೇರೆ ಬೇರೆ ಹೇಳಿದ ದಿನ ಮೆಸೇಜ್ ಹೋಗಬಾರದು, ನಮಗೆ ಫೋನ್ ಬರಬೇಕು."

ಸಾರ್ ಗೊಣಗಿಕೊಂಡೇ ಒಪ್ಪಿದರು. ಆಮೇಲೆ ಅಂಥ ಫೋನು ನಾಲ್ಕು ಸಲ ಬಂದಿದೆ. ಪ್ರತಿ ಸಲವೂ ಚೇಚಿ ಹವಾಮಾನ ಕಚೇರಿಗೆ ತಾನೇ ಕರೆಮಾಡಿ, ಇಡೀ ವಾಕ್ಯವನ್ನು ಅವರ ಬಾಯಿಂದ ಎರಡು ಸಲ ಹೇಳಿಸಿಕೊಂಡಿದ್ದಾಳೆ.