ಡೇರೆ ಬಿಚ್ಚಿದ ಗೋವರ್ಧನ

ಗೋವರ್ಧನನಿಗೆ ನಾನು ಮೊದಲ ದಿನ ಕಟ್ಟಿದ ಬೆಲೆ ಇದು: ಹೊರಗೆ ಪಾಲಿಶ್, ಒಳಗೆ ಗೆದ್ದಲು. ಹಾಲಾಡಿ ಪೇಟೆಯಲ್ಲಿ ಹಂಚು, ಕಬ್ಬಿಣ, ಬಣ್ಣ ಮಾರುವ ನನಗೆ ಮಾಲನ್ನು ತಟ್ಟಿ ನೋಡುವುದೇ ಕಸುಬು. ಒಳ್ಳೆಯ ಹಂಚು ಠಣ್ ಎನ್ನುತ್ತದೆ. ಈ ಮನುಷ್ಯ ತಟ್ಟಿದಲ್ಲೆಲ್ಲ ಬೊದ್ ಎನ್ನುತ್ತಿದ್ದ. ಕೈತುಂಬ ಉಂಗುರ, ಉಗುರಿನ ಸಂದಿಯಲ್ಲಿ ಕರಿ ಕೊಳೆ, ಅದರ ಮೇಲೆ ಅತ್ತರು. ಅಂಗಡಿಗೆ ಬಂದರೆ ನನ್ನ ಗ್ಲಾಸಿನ ಚಹಾವನ್ನೇ ಎತ್ತಿ ಕುಡಿಯುತ್ತಿದ್ದ. ಎಲೆಯಡಿಕೆ ಉಗಿಯಲು ರಸ್ತೆ ಇಷ್ಟಗಲ ಇದ್ದರೂ ಮಾರಾಟಕ್ಕೆ ಒರಗಿಸಿಟ್ಟ ಪೈಪಿನ ಬಾಯನ್ನೇ ಹುಡುಕುತ್ತಿದ್ದ. ಆ ಪೈಪು ಕೊಂಡವರು ಯಾರೋ, ದೇವರೇ ಕಾಯಬೇಕು.

ಅವನು ಹುಟ್ಟಿದ್ದು ಹಟ್ಟಿಯಂಗಡಿಯಲ್ಲಿ. ತೊಂಬತ್ತೇಳರ ಸುಮಾರಿಗೆ ಊರೂರಿಗೆ ಹೋಗಿ ಯಕ್ಷಗಾನ ಆಡುವ ಒಂದು ಡೇರೆ ಮೇಳದಲ್ಲಿ ಡೇರೆ ಕಟ್ಟುವವರ ಮುಖ್ಯಸ್ಥನಾಗಿದ್ದ. ಸಂಜೆ ಗದ್ದೆಯಲ್ಲಿ ಡೇರೆ ಎಬ್ಬಿಸುವುದು, ಬೆಳಗಿನ ಜಾವ ಆಟ ಮುಗಿದದ್ದೇ ಬಿಚ್ಚಿ ಲಾರಿಗೆ ಹೇರಿ ಮುಂದಿನ ಊರಿಗೆ ಹೊರಡುವುದು. ಬಿಚ್ಚುವ ಮೊದಲು ಅವನದೊಂದು ಕೂಗು ಇತ್ತು. ಅದಕ್ಕೆ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದ ಅಜ್ಜಂದಿರೂ ಪಂಚೆ ಕೈಯಲ್ಲಿ ಹಿಡಿದು ಓಡುತ್ತಿದ್ದರು. ಓಡದಿದ್ದರೆ ಡೇರೆ ತಲೆಯ ಮೇಲೇ ಬೀಳುತ್ತಿತ್ತು, ಗೋವರ್ಧನ ಯಾರಿಗೂ ಕಾಯುವವನಲ್ಲ.

ಮೇಳದ ಹಗ್ಗವನ್ನು ಮೇಳದವರಿಗೇ ಮಾರಿದ ಎಂದು ಅಲ್ಲಿಂದ ಹೊರಬಿದ್ದ. ಕುವೈತಿಗೆ ಹೋದ. ಇರಾಕಿನಲ್ಲಿ ಯುದ್ಧವಾದ ಮೇಲೆ ಗಡಿ ದಾಟಿ ಅಲ್ಲಿನ ಒಂದು ಊರು ಸೇರಿ, ಬಾಂಬು ಬಿದ್ದ ಕೇರಿಗಳನ್ನು ಮತ್ತೆ ಕಟ್ಟುವ ಕೆಲಸಕ್ಕೆ ಜನ ಒದಗಿಸುವ ಧಣಿಯಾದ. ನೊಣ ಎಲ್ಲಿ ಕೂರಬೇಕೋ ಅಲ್ಲಿ ಕೂತಿತು ಎಂದು ನಾನು ಆಗ ಹೇಳಿದ್ದುಂಟು. ಎರಡು ಸಾವಿರದ ಐದರಲ್ಲಿ ನನ್ನ ಹೆಂಡತಿ ಸ್ನೇಹಲತಾಳ ತಮ್ಮ ಶೈಲೇಶ್, ಸಾಲಿಗ್ರಾಮದಲ್ಲಿ ವಯರಿಂಗ್ ಮಾಡಿಕೊಂಡಿದ್ದವನು, ನಾನು ಬೇಡವೆಂದರೂ ಕೇಳದೆ ಇವನ ಬಾಲ ಹಿಡಿದು ಹೋದ. ಮುಂದಿನದೆಲ್ಲ ಶೈಲೇಶ್ ಹೇಳಿದ್ದು. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅದಕ್ಕೇ ವ್ಯಾಪಾರಕ್ಕೆ ಬರಲಿಲ್ಲ.

ನಕ್ಷೆ ಚೆನ್ನಾಗಿಯೇ ಇತ್ತಂತೆ. ಕೇರಿಯವರನ್ನೇ ಕೂರಿಸಿ ಕೇಳಿ ಮಾಡಿದ ನಕ್ಷೆ. ಬಿರಿದ ಕಂಬಗಳನ್ನು ಪೂರ್ತಿ ಕೆಡವಿ ಹೊಸದು ಎಬ್ಬಿಸಬೇಕು. ಮುರಿದ ಗೋಡೆಗಳನ್ನು ಪುಡಿಮಾಡಿ, ತೊಳೆದು, ಅದರಿಂದಲೇ ಇಟ್ಟಿಗೆ ಒತ್ತಬೇಕು. ಗೋಡೆ ದಪ್ಪ, ನಡುವೆ ಅಂಗಳ, ಬಿಸಿಗಾಳಿ ಮೇಲೇರಿ ಹೋಗಲು ಕಂಡಿ. ಕರೆಂಟಿಲ್ಲದ ಊರಿನಲ್ಲಿ ಫ್ಯಾನಿಲ್ಲದೆ ಬದುಕುವ ಮನೆ. ಆ ಕಾಗದ ದೊಡ್ಡ ಕಂಪನಿಯಿಂದ ಚಿಕ್ಕ ಕಂಪನಿಗೆ, ಅಲ್ಲಿಂದ ಗುತ್ತಿಗೆದಾರನಿಗೆ, ಅವನಿಂದ ಗೋವರ್ಧನನ ಕೈಗೆ ಇಳಿಯುವ ಹೊತ್ತಿಗೆ ಅದರಲ್ಲಿ ಉಳಿದದ್ದು ಬಣ್ಣ ಮಾತ್ರ. ಬಿರಿದ ಕಂಬವನ್ನು ಯಾರೂ ಕೆಡವಲಿಲ್ಲ. ತೊಲೆಯ ಅಡಿಗೆ ಕಬ್ಬಿಣದ ಜಾಕಿ ಕೊಟ್ಟು, ಸುತ್ತ ಹಲಗೆ ಹೊಡೆದು, ಮೇಲೆ ಗಾರೆ ಮೆತ್ತಿ, ಇದೇ ಹೊಸ ಕಂಬ ಎಂದರು. ಗೋವರ್ಧನ ಇದಕ್ಕೆ ವೇಷ ಕಟ್ಟುವುದು ಎಂದು ಹೆಸರಿಟ್ಟಿದ್ದ, ಹೇಳಿ ತಾನೇ ನಗುತ್ತಿದ್ದ.

ಗಾರೆಗೆ ಹಾಕುವ ಪುಡಿಯನ್ನೂ ತೊಳೆಯುತ್ತಿರಲಿಲ್ಲ. ಅದರಲ್ಲಿ ಬಟ್ಟೆಯ ಚೂರು, ಕೂದಲು. ಒಂದು ಗೋಡೆಯಲ್ಲಿ ಮಗುವಿನ ಚಪ್ಪಲಿಯ ತುದಿ ಹೊರಗೆ ಕಾಣುತ್ತಿತ್ತು. ಶೈಲೇಶ್ ಅದನ್ನು ಕೀಳಲು ಹೋದರೆ ಗೋವರ್ಧನ ಕರಣೆ ಕಿತ್ತುಕೊಂಡು ಅದರ ಮೇಲೆ ಇನ್ನೊಂದು ಕೈ ಗಾರೆ ಎಳೆದನಂತೆ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಕೆಲಸದವರೆಲ್ಲ ಮಲಗುತ್ತಿದ್ದದ್ದು ಆ ಕಟ್ಟಡದ ಕೆಳಗಿನ ಅಂಕಣದಲ್ಲೇ, ಆ ಸುಳ್ಳು ಕಂಬಗಳ ನಡುವೆ. ಪಾಸ್‌ಪೋರ್ಟ್ ಗೋವರ್ಧನನ ಪೆಟ್ಟಿಗೆಯಲ್ಲಿ, ಹಾಗಾಗಿ ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಮೇಲಿನ ತೊಲೆಯಲ್ಲಿ ಬಿರುಕು ದಿನಕ್ಕಿಷ್ಟು ಬೆಳೆಯುತ್ತಿತ್ತು. ಶುಕ್ರವಾರ ಮನೆ ಕಳೆದುಕೊಂಡ ಸಂಸಾರಗಳು ಒಳಗೆ ಬರುವುದೆಂದು ನಿಶ್ಚಯವಾಗಿತ್ತು. ಶೈಲೇಶ್ ಗೋವರ್ಧನನ ಬಳಿ ಹೋಗಿ ಇದು ನಿಲ್ಲುವುದಿಲ್ಲ, ಜನ ಸಾಯುತ್ತಾರೆ ಎಂದ. ಬೀಗದ ಕೈ ಕೊಟ್ಟ ಮೇಲೆ ಬಿದ್ದರೆ ಅದು ಬೀಗದ ಕೈ ಇದ್ದವರ ತಲೆನೋವು ಎಂದು ಉತ್ತರ ಬಂತು.

ಬುಧವಾರ ಒಬ್ಬಳು ಮುದುಕಿ ಬಂದಳು. ಅವಳ ಗಂಡ ಎದ್ದು ಕೂರಲಾರದವನು. ಅವನ ಹಾಸಿಗೆ ಎಲ್ಲಿ ಹಾಕಲಿ, ಗಾಳಿ ಎಲ್ಲಿ ಬರುತ್ತದೆ ಎಂದು ಗೋವರ್ಧನನನ್ನು ಕೇಳಿದಳು. ಅವನು ಸಂತೆಯ ಅರಬ್ಬಿಯಲ್ಲಿ ನಗುನಗುತ್ತ ಒಂದು ಮೂಲೆ ತೋರಿಸಿದ. ಅತಿ ಕೆಟ್ಟ ಕಂಬದ ಬುಡ ಅದು. ಮುದುಕಿ ಅವನ ಅಂಗೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಅವನು ಆ ಕೈಯನ್ನು ಪ್ಯಾಂಟಿಗೆ ಒರೆಸಿದ, ಮತ್ತೆ ಒರೆಸಿದ. ಆ ದಿನ ಊಟದ ಬಟ್ಟಲನ್ನು ಮುಟ್ಟಲಿಲ್ಲ. ಪರರ ತಟ್ಟೆಗೂ ಕೈ ಹಾಕುವವನು ತನ್ನ ಮೀನನ್ನು ಬಿಟ್ಟೆದ್ದದ್ದನ್ನು ಶೈಲೇಶ್ ಮೊದಲ ಬಾರಿಗೆ ಕಂಡ.

ಗುರುವಾರ ಬೆಳಕು ಹರಿಯುವಾಗ ಹಳೆಯ ಆ ಕೂಗು ಎದ್ದಿತು.

"ಹ್ವಾಯ್, ಆಟ ಮುಗಿತ್! ಏಳಿ, ಹೊರಗ್ ಹೋಯ್ನಿ, ಡೇರೆ ಬಿಚ್ಚುದಿತ್!"

ಕೆಲಸದವರಲ್ಲಿ ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಚಿಕ್ಕಂದಿನಿಂದ ಮೈಗೆ ಹತ್ತಿದ ಹೆದರಿಕೆ; ಹೊದಿಕೆ ಸಮೇತ ಓಡಿದರು. ಬೇರೆ ಊರಿನವರನ್ನು ಗೋವರ್ಧನ ಒದ್ದೇ ಎಬ್ಬಿಸಿದ. ಸುಳ್ಳು ಕಂಬಗಳಿಗೆ ಆಗಲೇ ಹಗ್ಗ ಬಿಗಿದಿದ್ದ, ತುದಿ ಲಾರಿಗೆ. ಎಲ್ಲರೂ ಹೊರಬಂದರೇ ಎಂದು ತಲೆ ಎಣಿಸಿ ಲಾರಿ ಬಿಟ್ಟ. ಮೂರು ಮಾಳಿಗೆಯ ಕಟ್ಟಡ ಮಡಚಿ ಕೂತಿತು.

ಧೂಳಿನಲ್ಲಿ ನಿಂತು ಶೈಲೇಶ್ ಎಂತ ಮಾಡಿದ್ರಿ ಗೋವರ್ಧನಣ್ಣ ಎಂದು ಕೇಳಿದನಂತೆ.

"ಆ ಅಜ್ಜಿ ಕೇಂಡದ್ ಗಂಡನ್ ಮಲ್ಗ್ಸುಕೆ ಜಾಗ ಮಾರಾಯಾ. ನಾನ್ ತೋರ್ಸದ್ ಅವ್ರನ್ ಹೂಳು ಹೊಂಡ. ಬಾಯ್ ಮುಚ್ಕಂಡ್ ಕಬ್ಣ ಹೆಕ್ಕ್."

ಇಷ್ಟಕ್ಕೆ ಅವನು ಸಂತನಾದ ಎಂದು ತಿಳಿಯಬೇಡಿ. ಒಳಗೆ ಹುಗಿದಿದ್ದ ಹಳೆಯ ಬಾಂಬು ಸಿಡಿಯಿತು ಎಂದು ಮೇಲಿನವರಿಗೆ ವರದಿ ಕೊಟ್ಟ. ಮಧ್ಯಾಹ್ನದೊಳಗೆ ಕಬ್ಬಿಣವೆಲ್ಲ ಗುಜರಿಗೆ ಹೋಗಿತ್ತು. ಬಾಂಬಿನ ಕಥೆಯನ್ನು ಯಾರೂ ನಂಬಲಿಲ್ಲ, ಅವನ ಗುತ್ತಿಗೆ ಹೋಯಿತು. ಆದರೆ ಬಿದ್ದ ಮೇಲೆ ತನಿಖೆಯಾಯಿತು, ಆ ಸಾಲಿನ ಉಳಿದ ಕಟ್ಟಡಗಳ ಕಂಬಗಳನ್ನೂ ಒಡೆದು ನೋಡಿದರು, ಎಲ್ಲ ಕೆಡವಿ ನಕ್ಷೆಯಲ್ಲಿದ್ದ ಹಾಗೆಯೇ ಕಟ್ಟಿದರು. ಶೈಲೇಶ್ ಅಲ್ಲೇ ನಿಂತು ಆ ಮನೆಗಳಿಗೆ ವಯರು ಎಳೆದು ಬಂದ. ಮುದುಕಿ ಸೇರಿದ ಮನೆಯಲ್ಲಿ ಕಂಡಿಯಿಂದ ನಿಜವಾಗಿ ಗಾಳಿ ಬರುತ್ತದಂತೆ.

ಗೋವರ್ಧನ ಈಗ ಊರಿನಲ್ಲಿದ್ದಾನೆ. ಬೈಂದೂರಿನ ಕಡೆ ಸೈಟ್ ಮಾರುತ್ತಾನೆ. ಅವುಗಳಲ್ಲಿ ಅರ್ಧ ಮಳೆಗಾಲದಲ್ಲಿ ಕೆರೆ. ಮೊನ್ನೆಯೂ ಬಂದು ನನ್ನ ಚಹಾ ಕುಡಿದ. ಇರಾಕಿನ ಮಾತು ತೆಗೆದೆ. ಅದರ ಸುದ್ದಿ ಬೇಡ, ಸೈಟ್ ಬೇಕಾ ಎಂದ. ಅವನು ಕೂತೆದ್ದ ಕುರ್ಚಿಯನ್ನು ನಾನು ಒರೆಸಿಯೇ ಕೂರುತ್ತೇನೆ. ಅವನನ್ನು ಕಂಡರೆ ಅಂದಿಗೂ ಹೇಸಿಗೆ, ಇಂದಿಗೂ ಹೇಸಿಗೆ.

ಆದರೂ ಶೈಲೇಶ್ ಆ ಬೆಳಿಗ್ಗೆ ತೊಲೆಯ ಕೆಳಗಿನಿಂದ ಹೊರಗೆ ಬಂದದ್ದು ಅವನು ಎಬ್ಬಿಸಿದ್ದರಿಂದ. ನನ್ನ ಭಾವಮೈದುನನ ಜೀವಕ್ಕೆ ನಾನು ಗೋವರ್ಧನನಿಗೆ ಋಣಿ.